ಎರವಲು ಕೊಟ್ಟ ಅಂಗೈ

"ಸದ್ಯ, ಬಲಗೈ ಅಲ್ಲವಲ್ಲ."

ಅತ್ತೆ ಬಿದ್ದ ದಿನ ಈ ಮಾತನ್ನು ಎಲ್ಲರೂ ಹೇಳಿದರು. ಪಕ್ಕದ ಮನೆಯವರು ಹೇಳಿದರು, ಆಟೋದವನು ಹೇಳಿದ, ಎಕ್ಸ್‌ರೇ ತೆಗೆದ ಹುಡುಗಿಯೂ ಹೇಳಿದಳು. ಮೊದಲು ಹೇಳಿದವಳು ನಾನು. ಬೆಳಗಿನ ಹಾಲು ಕರೆಯಲು ಹೋದವರು ಕೊಟ್ಟಿಗೆಯ ಚಪ್ಪಡಿ ಕಲ್ಲಿನ ಮೇಲೆ, ಗಂಜಲದಲ್ಲಿ ಕಾಲು ಜಾರಿ, ಎಡಗೈ ಊರಿಕೊಂಡು ಬಿದ್ದಿದ್ದರು. ಓಡಿಹೋಗಿ ನೋಡಿದಾಗ ಗೋಡೆಗೆ ಒರಗಿ ಕೂತಿದ್ದರು. ಅಳುತ್ತಿರಲಿಲ್ಲ. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ.

"ಕೈ ಹೋಯ್ತು ಕಣೆ ಶೈಲಾ."

"ಎಡಗೈ ತಾನೆ ಅತ್ತೆ. ಸರಿ ಮಾಡ್ತಾರೆ ಬಿಡಿ."

ಅವರು ನನ್ನ ಮುಖವನ್ನು ಒಂದು ಥರಾ ನೋಡಿದರು. ಆ ನೋಟದ ಅರ್ಥ ನನಗೆ ಎರಡು ದಿನ ಬಿಟ್ಟು ತಿಳಿಯಿತು.

ನಮ್ಮದು ಸೋಲೂರು. ನಮ್ಮ ಯಜಮಾನರು ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ನಾನು ಮಾಗಡಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಅತ್ತೆಯ ಹೆಸರು ಗೌರಮ್ಮ, ವಯಸ್ಸು ಅರವತ್ತೊಂಬತ್ತು. ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾದರೂ ನಮ್ಮಿಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಅವರು ಕೊಟ್ಟಿಗೆ ನೋಡಿಕೊಳ್ಳುತ್ತಿದ್ದರು, ನಾನು ಅಡುಗೆ ಮಾಡಿಟ್ಟು ಎಂಟೂಕಾಲರ ಬಸ್ಸು ಹಿಡಿಯುತ್ತಿದ್ದೆ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರಂತೆ ಮರ್ಯಾದೆಯಿಂದ ಇದ್ದೆವು.

ಆಸ್ಪತ್ರೆಯಲ್ಲಿ ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ರೇಡಿಯಸ್ ಮೂಳೆ ಮಣಿಕಟ್ಟಿನ ಹತ್ತಿರ ಮೂರು ಚೂರಾಗಿತ್ತು. ಬರೀ ಪ್ಲಾಸ್ಟರ್ ಪಟ್ಟಿ ಕಟ್ಟಿದರೆ ಕೂಡಿಕೊಳ್ಳುವುದಿಲ್ಲ, ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು ಎಂದರು. ಅತ್ತೆ ತಲೆಯಾಡಿಸಿದರು. ಅವರು ತಲೆಯಾಡಿಸದೇ ಇದ್ದದ್ದು ಒಂದೇ ಒಂದಕ್ಕೆ.

"ಕತ್ತಿನಲ್ಲಿರೋದೆಲ್ಲ ತೆಗೀಬೇಕು ಅಜ್ಜಿ," ಎಂದಳು ಸಿಸ್ಟರ್, ಮಾರನೆ ದಿನ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ.

"ಸರ ತಗೀತೀನಿ. ಲಿಂಗ ತೆಗೆಯಾಕಿಲ್ಲ."

ಸಿಸ್ಟರ್ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಮದುವೆಯಲ್ಲಿ ಅಯ್ಯನೋರು ಮತ್ತೊಮ್ಮೆ ಕಟ್ಟಿದ ಇಷ್ಟಲಿಂಗ ನನ್ನದೂ ಒಂದಿತ್ತು. ಬಸ್ಸಿನ ನೂಕುನುಗ್ಗಲು, ಸ್ಕೂಲಿನ ಓಡಾಟ ಎಂದು ನೆಪ ಹೇಳಿಕೊಂಡು ಅದನ್ನು ಬಿಚ್ಚಿಟ್ಟು ಎಷ್ಟೋ ವರ್ಷವಾಗಿತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಕೊನೆಗೆ ಅರಿವಳಿಕೆ ಡಾಕ್ಟರೇ ಹೊರಗೆ ಬಂದು ಒಂದು ದಾರಿ ಹೇಳಿದರು. ಲಿಂಗವಿಡುವ ಬೆಳ್ಳಿಯ ಕರಡಿಗೆ ಬೇಡ, ಲೋಹ. ಲಿಂಗವನ್ನು ಮಾತ್ರ ಬಿಳಿ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿ ಕಳುಹಿಸಿ. ಅತ್ತೆ ಒಪ್ಪಿದರು. ಖಾಲಿ ಕರಡಿಗೆ ನನ್ನ ಕೈಯಲ್ಲಿ ಉಳಿಯಿತು. ಎರಡು ಗಂಟೆ ಅದನ್ನು ಹಿಡಿದುಕೊಂಡು ಥಿಯೇಟರಿನ ಎದುರಿನ ಕುರ್ಚಿಯಲ್ಲಿ ಕೂತಿದ್ದೆ. ಒಳಗೆ ಮೆತ್ತಗೆ ವಿಭೂತಿಯ ವಾಸನೆ ಇತ್ತು.

ಆಪರೇಷನ್ ಚೆನ್ನಾಗಿ ಆಯಿತು. ತೊಂದರೆ ಶುರುವಾದದ್ದು ಮಾರನೆ ಬೆಳಿಗ್ಗೆ.

ಇಡ್ಲಿ ತಂದಿಟ್ಟೆ. ಮುಟ್ಟಲಿಲ್ಲ. ಕಾಫಿ ಬೇಡ. ನೀರೂ ಬೇಡ.

"ಪೂಜೆ ಆಗಿಲ್ಲ."

ಆಗ ನನಗೆ ಆ ನೋಟದ ಅರ್ಥವಾಯಿತು. ನಮ್ಮಲ್ಲಿ ಲಿಂಗವನ್ನು ಇಟ್ಟುಕೊಳ್ಳುವುದೇ ಎಡ ಅಂಗೈ ಮೇಲೆ. ಬಲಗೈ ನೀರೆರೆಯುತ್ತದೆ, ವಿಭೂತಿ ಹಚ್ಚುತ್ತದೆ, ಪತ್ರೆ ಇಡುತ್ತದೆ. ಎಡಗೈ ಏನೂ ಮಾಡುವುದಿಲ್ಲ, ಸುಮ್ಮನೆ ಅಂಗಾತವಾಗಿ ಹಿಡಿದುಕೊಂಡಿರುತ್ತದೆ. ಅತ್ತೆಗೆ ಆ ಹಿಡಿದುಕೊಳ್ಳುವ ಕೆಲಸ ಆಗದೆ ದಿನವೇ ಶುರುವಾಗುತ್ತಿರಲಿಲ್ಲ. ಜ್ವರವಿರಲಿ, ಮಾವ ತೀರಿಕೊಂಡ ದಿನವೇ ಇರಲಿ, ಪೂಜೆ ಮಾಡದೆ ಅವರು ನೀರು ಕುಡಿದದ್ದನ್ನು ನಾನು ನೋಡಿಲ್ಲ. ಈಗ ಆ ಕೈ ಪ್ಲಾಸ್ಟರ್ ಸ್ಲ್ಯಾಬ್ ಹಾಕಿಸಿಕೊಂಡು, ಮೊಣಕೈವರೆಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಎದೆಯ ಮೇಲೆ ಮಲಗಿತ್ತು.

"ತಟ್ಟೇಲಿ ಇಟ್ಕೊಂಡು ಮಾಡಿ ಅತ್ತೆ, ಒಂದಷ್ಟು ದಿನ."

"ತಟ್ಟೇಲಿ ಇಡಾಕೆ ಅದೇನು ಬೆಣ್ಣೆ ಉಂಡೆನಾ?"

ಬಲಗೈಯಲ್ಲಿ ಇಟ್ಟುಕೊಳ್ಳಿ ಎಂದೆ. ಆಮೇಲೆ ನೀರೆರೆಯುವುದು ಯಾವ ಕೈಯಲ್ಲಿ ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಕೈ ನಡುಗತೊಡಗಿತು, ಮೈ ಬೆವೆತಿತು. ಶುಗರ್ ಇಳಿದಿತ್ತು. ಸಿಸ್ಟರ್ ಓಡಿಬಂದು ಡ್ರಿಪ್‌ನಲ್ಲಿ ಗ್ಲೂಕೋಸ್ ಏರಿಸಿದಳು. ಡ್ಯೂಟಿ ಡಾಕ್ಟರ್ ನನ್ನನ್ನು ಕಾರಿಡಾರಿಗೆ ಕರೆದು, "ಮೇಡಂ, ಶುಗರ್ ಪೇಷೆಂಟ್ ಹೀಗೆ ಉಪವಾಸ ಇದ್ದರೆ ಕೈ ಇರಲಿ, ಜೀವಕ್ಕೇ ಕಷ್ಟ," ಎಂದರು.

ನಮ್ಮ ಯಜಮಾನರು ಮಠದ ಅಯ್ಯನೋರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಅತ್ತೆಯ ಕಿವಿಯ ಹತ್ತಿರ ಹಿಡಿದರು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಅಯ್ಯನೋರು, "ಮನೇಲಿ ಲಿಂಗ ಕಟ್ಟಿರೋರು ಯಾರಾದ್ರೂ ಮಿಂದು ಬಂದು ಅಂಗೈ ಒಡ್ಡಲಿ ತಾಯಿ. ಅದನ್ನ ನಿಮ್ಮ ಕೈಯೇ ಅಂದ್ಕೊಂಡು ಮಾಡಿ. ಕೈ ವಾಸಿ ಆಗೋಗಂಟ ಅಷ್ಟೇ," ಎಂದರು.

ಅತ್ತೆ ನನ್ನ ಕಡೆ ತಿರುಗಿದರು.

"ನಿಂದು ಬೀರುನಾಗೆ, ಮದ್ವೆ ಸೀರೆ ಕೆಳಗೆ ಐತಲ್ಲ. ಕಟ್ಕೊಂಡು ಬಾ, ಓಗು."

ಇಷ್ಟು ವರ್ಷವೂ ಅವರಿಗೆ ಗೊತ್ತಿತ್ತು.

ಒಂದು ಮಾತೂ ಆಡಿರಲಿಲ್ಲ. ಮನೆಗೆ ಹೋಗಿ, ಸೀರೆಯ ಮಡಿಕೆಯ ಕೆಳಗಿನಿಂದ ಅದನ್ನು ತೆಗೆದು, ಸ್ನಾನ ಮಾಡಿ, ದಾರ ಕಟ್ಟಿಕೊಂಡು ಬರುವಾಗ ಬಸ್ಸಿನಲ್ಲಿ ನನಗೆ ನಾಚಿಕೆಯಿಂದ ಕಣ್ಣು ತುಂಬಿತು.

ಅವತ್ತು ಸಂಜೆ ಮಂಚದ ಅಂಚಿನಲ್ಲಿ ಕೂತು ಎಡ ಅಂಗೈ ಒಡ್ಡಿದೆ. ಅತ್ತೆ ಬಲಗೈಯಿಂದ ಬಟ್ಟೆ ಬಿಚ್ಚಿ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟರು. ಅದು ಬೆಚ್ಚಗಿತ್ತು. ಅವರ ಮೈಯ ಬಿಸಿ ಅದಕ್ಕಿತ್ತು. ಚಮಚದಲ್ಲಿ ನೀರೆರೆದರು, ನನ್ನ ಬೆರಳ ಸಂದಿಯಿಂದ ಇಳಿದದ್ದನ್ನು ಬಟ್ಟಲಲ್ಲಿ ಹಿಡಿದರು. ಆಮೇಲೆ ತುಂಬಾ ಹೊತ್ತು ನನ್ನ ಅಂಗೈಯನ್ನೇ ನೋಡುತ್ತಾ ಕೂತರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಇಷ್ಟು ಹತ್ತಿರ ಕೂತಿರಲಿಲ್ಲ.

ಆಮೇಲೆ ಅರ್ಧ ಇಡ್ಲಿ ತಿಂದರು.

ಮನೆಗೆ ಬಂದ ಮೇಲೂ ಇದೇ ನಡೆಯಿತು. ಐದೂವರೆಗೆ ಏಳುತ್ತಿದ್ದವಳು ಐದಕ್ಕೆ ಏಳತೊಡಗಿದೆ. ಕೊಟ್ಟಿಗೆಯ ಕೆಲಸ ನಮ್ಮ ಯಜಮಾನರ ಪಾಲಿಗೆ ಬಂತು. ಹಸುಗಳು ಮೊದಲ ವಾರ ಅವರಿಗೆ ಸೊರ ಬಿಡದೆ, ಹಾಲು ಇಳಿಸದೆ, ಚೆನ್ನಾಗಿ ಒದ್ದವು. ಅತ್ತೆಗೆ ಸೀರೆ ಉಡಿಸುವುದು, ತಲೆ ಬಾಚುವುದು, ಅನ್ನ ಕಲಸಿಕೊಡುವುದು ನನ್ನದು. ತಮ್ಮ ಸೀರೆಯ ನೆರಿಗೆ ಇನ್ನೊಬ್ಬರು ಹಿಡಿಯುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂದರೆ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಪೂಜೆಯ ಹೊತ್ತಿನಲ್ಲಿ ಮಾತ್ರ ಹಾಗಿರಲಿಲ್ಲ. ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದೆವು. ಆಗ ಏನಾದರೊಂದು ಹೇಳುತ್ತಿದ್ದರು. ತವರಿನ ಬಾವಿ, ಮಾವನ ಮುಂಗೋಪ, ಉಳಿಯದೆ ಹೋದ ಮೊದಲ ಮಗು. ಆ ಮಗುವಿನ ವಿಷಯ ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ.

ಹದಿನಾಲ್ಕನೆ ದಿನ ಹೊಲಿಗೆ ಬಿಚ್ಚಿದರು. ಸ್ಲ್ಯಾಬ್ ತೆಗೆದು, ಬಿಚ್ಚಿ ಹಾಕುವಂಥ ಸ್ಪ್ಲಿಂಟ್ ಕೊಟ್ಟರು. ದಿನಕ್ಕೆ ಮೂರು ಹೊತ್ತು ವ್ಯಾಯಾಮ ಎಂದು ಹಾಳೆಯಲ್ಲಿ ಬರೆದುಕೊಟ್ಟರು. ಬೆರಳು ಮಡಿಸಿ ಬಿಚ್ಚುವುದು, ಮಣಿಕಟ್ಟನ್ನು ಮೇಲೆ ಕೆಳಗೆ ಮಾಡುವುದು, ಅಂಗೈ ಮೇಲೆ ಮಾಡಿ ಕೆಳಗೆ ಮಾಡುವುದು. ಬೆರಳಿನದು ಚೆನ್ನಾಗಿ ಮಾಡಿದರು. ಅಂಗೈ ತಿರುಗಿಸುವಾಗ ಮಾತ್ರ ಮುಖ ಕಿವುಚಿ "ಉಸ್" ಎನ್ನುತ್ತಿದ್ದರು. ಅವರು "ಉಸ್" ಎಂದ ಕೂಡಲೇ ನಾನು ಬಿಟ್ಟುಬಿಡುತ್ತಿದ್ದೆ.

"ಇವತ್ತಿಗೆ ಸಾಕು ಬಿಡಿ ಅತ್ತೆ, ನಾಳೆ ಮಾಡಿದ್ರಾಯ್ತು."

ಹೀಗೆ ಎಷ್ಟು ನಾಳೆಗಳು ಕಳೆದವೋ. ಎಂಟನೆ ವಾರ ಡಾಕ್ಟರ್ ಹೊಸ ಎಕ್ಸ್‌ರೇ ನೋಡಿ ಮೂಳೆ ಕೂಡಿದೆ ಎಂದು ಸಂತೋಷಪಟ್ಟರು. ಆಮೇಲೆ ಕೈ ಹಿಡಿದು ತಿರುಗಿಸಿ ನೋಡಿದರು. ಸಂತೋಷ ಹೋಯಿತು. ಅಂಗೈ ಅರ್ಧಕ್ಕೆ, ಕೈ ಕುಲುಕಲು ಚಾಚಿದಂತೆ ಹೆಬ್ಬೆರಳು ಮೇಲಾಗಿ ನಿಂತುಬಿಟ್ಟಿತ್ತು. ಅಲ್ಲಿಂದ ಒಂದು ಕೂದಲೆಳೆಯಷ್ಟೂ ಅಂಗಾತವಾಗುತ್ತಿರಲಿಲ್ಲ.

"ಇದು ಬಿಗಿದುಕೊಂಡಿದೆ. ಈಗ ಬಿಡಿಸದಿದ್ದರೆ ಹೀಗೇ ಉಳಿಯಬಹುದು."

ಹೀಗೇ ಉಳಿಯಬಹುದು.

ಆಟೋದಲ್ಲಿ ಬರುವಾಗ ಅತ್ತೆ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು.

ನಮ್ಮ ಸ್ಕೂಲಿನ ಹಿಂದಿನ ಬೀದಿಯಲ್ಲಿ ಒಂದು ಫಿಸಿಯೋಥೆರಪಿ ಕ್ಲಿನಿಕ್ ಇದೆ. ಅಲ್ಲಿಗೆ ಕರೆದುಕೊಂಡು ಹೋದೆ. ಶಾಜಿಯಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಊರು ಚನ್ನಪಟ್ಟಣ, ತಂದೆ ಮರದ ಆಟಿಕೆ ಕಡೆಯುವವರು. ಕ್ಲಿನಿಕ್ಕಿನ ತುಂಬ ಅಪ್ಪ ಮಾಡಿಕೊಟ್ಟ ಬಣ್ಣದ ಗುಂಡು, ಬುಗುರಿ, ಬಳೆ. ಅವಳು ಅತ್ತೆಯ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಅಂಗೈ ಮೇಲೆ ಮಾಡಿ ಎಂದಳು. ಅತ್ತೆ ಇಡೀ ಮೈಯನ್ನು ಎಡಕ್ಕೆ ವಾಲಿಸಿದರು.

"ಅಜ್ಜಿ, ಇದು ಕೈ ತಿರುಗಿದ್ದಲ್ಲ. ನೀವೇ ತಿರುಗಿದ್ರಿ."

ಆಮೇಲೆ ಅಂಗೈ ಮೇಲೆ ಇಟ್ಟುಕೊಂಡು ಅಭ್ಯಾಸ ಮಾಡಲು ಹಳದಿ ಬಣ್ಣದ ಮರದ ಮೊಟ್ಟೆಯೊಂದನ್ನು ಕೊಡಲು ಬಂದಳು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು.

"ಮೊಟ್ಟೆನಾ!"

"ಮರದ್ದು ಅಜ್ಜಿ."

"ಮರದ್ದಾದ್ರೂ ಮೊಟ್ಟೆ ಮೊಟ್ಟೆನೇ ಕಣವ್ವ. ನಾವು ಮುಟ್ಟಾಕಿಲ್ಲ."

ಶಾಜಿಯಾ ನಕ್ಕಳು. ನಾನೂ ನಕ್ಕೆ. ಎಂಟು ವಾರದಲ್ಲಿ ಅದೇ ಮೊದಲು ನಕ್ಕದ್ದು. ಕೊನೆಗೆ ಮನೆಯಲ್ಲಿ ನಿಂಬೆಹಣ್ಣಿಟ್ಟುಕೊಂಡು ಮಾಡುವುದೆಂದು ತೀರ್ಮಾನವಾಯಿತು. ಅವಳು ಅಳತೆ ಬರೆದುಕೊಳ್ಳುತ್ತಾ ಮಾಮೂಲಿಯಾಗಿ ಕೇಳಿದಳು.

"ಬೀಳೋಕೆ ಮುಂಚೆ ಈ ಅಂಗೈ ಮೇಲೆ ಮಾಡಿ ದಿನಾ ಏನು ಕೆಲಸ ಮಾಡ್ತಿದ್ರು?"

ನಾನು ಲಿಂಗಪೂಜೆಯ ವಿಷಯ ಹೇಳಿದೆ. ಕೈಯಲ್ಲಿ ತೋರಿಸಿದೆ.

"ಈಗ?"

"ಈಗ ನನ್ನ ಕೈ ಕೊಡ್ತೀನಿ."

ಅವಳು ಪೆನ್ನು ಕೆಳಗಿಟ್ಟಳು. "ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ಇರೋವಾಗ ಅವರ ಕೈ ಯಾಕೆ ತಿರುಗ್ಬೇಕು?"

ಬೇಜಾರಾಗಲಿಲ್ಲ. ಅವತ್ತು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ನನ್ನನ್ನೇ ಕೇಳಿಕೊಂಡೆ. ಅತ್ತೆ "ಉಸ್" ಎಂದಾಗಲೆಲ್ಲ ನಾನು ಕೈಬಿಟ್ಟದ್ದು ಬರೀ ಕರುಣೆಯಿಂದಲೇ? ಅಲ್ಲ. ಬೆಳಿಗ್ಗೆ ಅರ್ಧ ಗಂಟೆ ಅವರು ನನ್ನವರಾಗಿರುತ್ತಿದ್ದರು. ಈ ಮನೆಯಲ್ಲಿ ಅಡುಗೆಗೂ ಸಂಬಳಕ್ಕೂ ಬಿಟ್ಟು ಬೇರೆ ಯಾವುದಕ್ಕಾದರೂ ನಾನು ಬೇಕಾದದ್ದು ಅದೇ ಮೊದಲು. ಆ ಕೈ ವಾಸಿಯಾದರೆ ನಾವು ಮತ್ತೆ ಬಾಡಿಗೆದಾರರಾಗುತ್ತೇವೆ ಎಂಬ ಭಯ ನನಗಿತ್ತು. ಇದನ್ನು ಬರೆಯುವಾಗ ಈಗಲೂ ಮುಜುಗರವಾಗುತ್ತದೆ. ಆದರೆ ಅದು ನಿಜ. ನಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡು ಅವರ ಕೈಯನ್ನು ಕಟ್ಟಿಹಾಕಿದ್ದೆ.

ಮಾರನೆ ಬೆಳಿಗ್ಗೆ ಅತ್ತೆ ಪೂಜೆಗೆ ಮಣೆ ಹಾಕಿಕೊಂಡು ಕಾಯುತ್ತಿದ್ದರು. ನಾನು ಎದುರಿಗೆ ಕೂತೆ. ಕೈ ಒಡ್ಡಲಿಲ್ಲ.

"ಇವತ್ತಿಂದ ನಿಮ್ಮ ಕೈಯಲ್ಲೇ ಪ್ರಯತ್ನ ಮಾಡಿ ಅತ್ತೆ."

"ನಿಲ್ತದಾ ಇದ್ರಾಗೆ? ಬಿದ್ಬುಟ್ರೆ?"

"ನಾನು ಹಿಡ್ಕೋತೀನಿ."

"ಕೈ ಕೊಡಾಕಿಲ್ಲ ಅಂತೀಯಾ?"

"ಕೊಡಲ್ಲ ಅತ್ತೆ."

ಇಷ್ಟು ವರ್ಷದಲ್ಲಿ ನಾನು ಅವರ ಮುಖಕ್ಕೆ ನೇರವಾಗಿ ಇಲ್ಲ ಎಂದದ್ದು ಅದೇ ಮೊದಲು. ಅವರು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಮತ್ತೆ ಕತ್ತಿಗೆ ಬಿಟ್ಟುಕೊಂಡರು. ಎದ್ದು ಒಳಗೆ ಹೋದರು. ಉಪ್ಪಿಟ್ಟು ಮುಚ್ಚಿಟ್ಟು ನಾನು ಬಸ್ಸಿಗೆ ಹೊರಟೆ. ಎರಡನೆ ಪೀರಿಯಡ್‌ನಲ್ಲಿ ಪಾಠ ಮಾಡುತ್ತಿರುವಾಗ ನಮ್ಮ ಯಜಮಾನರ ಫೋನ್ ಬಂತು.

"ಅವ್ವ ಏನೂ ತಿಂದಿಲ್ಲ ಕಣೆ. ಬಾಗಿಲು ಹಾಕ್ಕೊಂಡೌಳೆ. ಬಂದ್ಬುಡು."

ಹೆಡ್‌ಮೇಡಂಗೆ ಹೇಳಿ ಹೊರಟೆ. ಮಾಗಡಿಯಿಂದ ಸೋಲೂರಿಗೆ ಅವತ್ತಿನಷ್ಟು ದೂರ ಯಾವತ್ತೂ ಇರಲಿಲ್ಲ. ಶುಗರ್ ಇಳಿದು ಬಿದ್ದಿದ್ದರೆ? ನಾನು ಹಟ ಮಾಡಿ ಕೊಂದೆ ಎಂದಾಗುತ್ತಿತ್ತು. ಮನೆ ತಲುಪಿ ಬಾಗಿಲು ಬಡಿದೆ. ಕಿಟಕಿಯಿಂದ ಇಣುಕಿದೆ.

ಅತ್ತೆ ಗೋಡೆಗೆ ಒತ್ತಿಕೊಂಡು ಕೂತಿದ್ದರು. ಎಡ ಮೊಣಕೈ ಗೋಡೆಗೂ ಪಕ್ಕೆಗೂ ನಡುವೆ ಸಿಕ್ಕಿಸಿಕೊಂಡಿದ್ದರು, ಮೈ ವಾಲದ ಹಾಗೆ. ಅರ್ಧ ತಿರುಗಿದ ಅಂಗೈಯಲ್ಲಿ ನಿಂಬೆಹಣ್ಣು ಇಡುತ್ತಿದ್ದರು. ಅದು ಉರುಳಿ ಬೀಳುತ್ತಿತ್ತು. ಮತ್ತೆ ಎತ್ತಿ ಇಡುತ್ತಿದ್ದರು. ಮತ್ತೆ ಉರುಳುತ್ತಿತ್ತು. ಒಂದು ಸಲ ಮಂಚದ ಕೆಳಗೆ ಹೋಯಿತು. ಅವರು ಮಂಡಿಯೂರಿ, ಬಲಗೈ ಚಾಚಿ ಅದನ್ನು ತಡಕುತ್ತಿದ್ದರು. ಮುಖವೆಲ್ಲ ಬೆವರು, ಕಣ್ಣೀರು.

"ಅತ್ತೆ, ಬಾಗಿಲು ತೆಗೀರಿ."

ಬಹಳ ಹೊತ್ತಿನ ಮೇಲೆ ತೆಗೆದರು. ನಿಂಬೆಹಣ್ಣು ಕೈಯಲ್ಲೇ ಇತ್ತು.

"ಇದು ಬಿದ್ರೆ ಎತ್ಕೋಬೌದು ಶೈಲಾ. ಲಿಂಗ ಬಿದ್ರೆ ನಾನಿರಬಾರ್ದು ಕಣೆ. ಐವತ್ತು ವರ್ಸ ಹಿಡ್ಕಂಡಿವ್ನಿ. ಈಗ ಈ ಕೈ ನನ್ ಮಾತೇ ಕೇಳಾಕಿಲ್ಲ."

ನಾನು ಅವರನ್ನು ತಬ್ಬಿಕೊಂಡೆ. ಸೊಸೆಯರು ಅತ್ತೆಯನ್ನು ತಬ್ಬುವ ವಾಡಿಕೆ ನಮ್ಮ ಕಡೆ ಇಲ್ಲ. ಇಬ್ಬರಿಗೂ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಇಬ್ಬರೂ ಅತ್ತೆವು.

ಅವರನ್ನು ಮಣೆಯ ಮೇಲೆ ಕೂರಿಸಿದೆ. ಕೈಕಾಲು ತೊಳೆದು ಬಂದೆ. ಈ ಸಲ ನನ್ನ ಅಂಗೈಯನ್ನು ಅವರ ಅಂಗೈಯ ಬದಲಿಗೆ ಇಡಲಿಲ್ಲ, ಅದರ ಕೆಳಗೆ ಇಟ್ಟೆ. ಅವರ ಕೈಯ ಹಿಂಭಾಗ ನನ್ನ ಅಂಗೈ ಮೇಲೆ ಕೂತಿತು. ಶಾಜಿಯಾ ತೋರಿಸಿದ ಹಾಗೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮೆಲ್ಲಗೆ ತಿರುಗಿಸಿದೆ. "ಉಸ್" ಎಂದರು. ನಾನು ಬಿಡಲಿಲ್ಲ. ಎಷ್ಟು ತಿರುಗುತ್ತದೋ ಅಷ್ಟಕ್ಕೆ ನಿಲ್ಲಿಸಿ, ಉಳಿದ ಓರೆಗೆ ನನ್ನ ಬೆರಳುಗಳಿಂದ ಕಟ್ಟೆ ಕಟ್ಟಿದೆ. ಅತ್ತೆ ಬಲಗೈಯಿಂದ ಲಿಂಗವನ್ನು ಇಟ್ಟರು.

ನಿಂತಿತು.

ಅವತ್ತು ಅತ್ತೆ ಉಪ್ಪಿಟ್ಟು ತಿಂದಾಗ ಎರಡೂವರೆ ಗಂಟೆ.

ಆಮೇಲಿನ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬಿಸಿನೀರಿನಲ್ಲಿ ಕೈ ಅದ್ದುವುದು. ಹತ್ತು ಸಲ ತಿರುಗಿಸುವುದು. ಒಸಿ ತಡಿ ಎನ್ನುವುದು. ಮತ್ತೆ ಹತ್ತು ಸಲ. ವಾರಕ್ಕೆರಡು ದಿನ ಮಾಗಡಿಯ ಬಸ್ಸು. ಶಾಜಿಯಾಳ ಪುಸ್ತಕದಲ್ಲಿ ಒಂದು ವಾರ ಸ್ವಲ್ಪ ಏರಿಕೆ, ಒಂದು ವಾರ ಏನೂ ಇಲ್ಲ, ಒಂದು ವಾರ ಊತ ಬಂದು ಹಿಂದಕ್ಕೆ. ಸಿಟ್ಟು ಬಂದಾಗ ಅತ್ತೆ ಅವಳನ್ನು ಬೈಯುತ್ತಿದ್ದರು, ಮುಂದಿನ ಸಲ ಬರುವಾಗ ಅವಳಿಗೆಂದು ಮಜ್ಜಿಗೆ ತುಂಬಿಕೊಂಡು ಬರುತ್ತಿದ್ದರು. ಪ್ರತಿ ಬೆಳಿಗ್ಗೆ ನನ್ನ ಕೈ ಅವರ ಕೈಯ ಕೆಳಗೆ ಇರುತ್ತಿತ್ತು. ದಿನ ಕಳೆದಂತೆ ಅದಕ್ಕೆ ಬೀಳುವ ಭಾರ ಕಡಿಮೆಯಾಗುತ್ತಾ ಬಂತು. ಅದು ನನಗೆ ಮಾತ್ರ ಗೊತ್ತಾಗುತ್ತಿತ್ತು. ಸಂತೋಷವೂ ಆಗುತ್ತಿತ್ತು, ಒಳಗೆಲ್ಲೋ ಸಂಕಟವೂ ಆಗುತ್ತಿತ್ತು.

ಬಿದ್ದು ಐದು ತಿಂಗಳ ಮೇಲೆ, ಹೋದ ಸೋಮವಾರ, ಪೂಜೆಯ ನಡುವೆ ಅತ್ತೆ ಹೇಳಿದರು.

"ಕೈ ತಗೊ."

"ಬೀಳುತ್ತೆ ಅತ್ತೆ."

"ತಗೊ ಅಂದೆ."

ಒಂದೊಂದೇ ಬೆರಳು ಸರಿಸಿ ಕೈ ತೆಗೆದೆ. ತೆಗೆದ ಕೈಯನ್ನು ಗಾಳಿಯಲ್ಲಿ, ಕೆಳಗೇ ಹಿಡಿದುಕೊಂಡಿದ್ದೆ. ಅಂಗೈ ಪೂರ್ತಿ ಅಂಗಾತವಾಗಿರಲಿಲ್ಲ, ಸ್ವಲ್ಪ ಓರೆ. ಲಿಂಗವೂ ಸ್ವಲ್ಪ ಓರೆಯಾಗಿ ಕೂತಿತ್ತು. ಎರೆದ ನೀರು ಬೆರಳ ಸಂದಿಗೆ ಹೋಗದೆ ಮಣಿಕಟ್ಟಿನ ಗಾಯದ ಗೆರೆಯ ಮೇಲೆ ಹರಿದು ಮೊಣಕೈಯಿಂದ ತೊಟ್ಟಿಕ್ಕಿತು. ಅತ್ತೆ ಅಲ್ಲಾಡಲಿಲ್ಲ. ಪತ್ರೆ ಇಟ್ಟರು. ನೋಡುತ್ತಾ ಕೂತರು. ಇಷ್ಟೇ ಆಗುವುದು, ಇನ್ನು ಹೆಚ್ಚು ತಿರುಗಲಿಕ್ಕಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಚಳಿಗೆ ನೋಯುತ್ತದೆ, ಹಾಲಿನ ಕ್ಯಾನ್ ಎತ್ತುವಂತಿಲ್ಲ. ಇರಲಿ. ಲಿಂಗ ನಿಂತಿತಲ್ಲ.

ಅತ್ತೆ ಪೂಜೆ ಮುಗಿಸಿ ಕರಡಿಗೆ ಮುಚ್ಚಿದರು. ನಾನು ಏಳಲು ಹೊರಟೆ. ಗಂಟೆ ಎಂಟಾಗುತ್ತಿತ್ತು.

"ಎಲ್ಲಿಗೋಯ್ತೀಯ? ಕೂತ್ಕೋ."

ಕೂತೆ. ಅವರು ವಿಭೂತಿಯ ಬಟ್ಟಲನ್ನೂ ನೀರಿನ ಚೊಂಬನ್ನೂ ನನ್ನ ಮುಂದಕ್ಕೆ ಸರಿಸಿದರು. ಉಳಿದಿದ್ದ ಒಂದು ಪತ್ರೆ ಎತ್ತಿಟ್ಟರು.

"ಇಷ್ಟು ದಿನ ನನ್ನದು ಹಿಡ್ಕಂಡಿದ್ದೆ. ನಿಂದು ತಗಿ ಈಗ."

ಐದು ತಿಂಗಳಿನಿಂದ ನನ್ನ ಕತ್ತಿನಲ್ಲಿದ್ದರೂ ಅದನ್ನು ನಾನು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿದೆ. ನನಗೆ ಭಕ್ತಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಎಡ ಅಂಗೈಯಲ್ಲಿ ಇಟ್ಟುಕೊಂಡೆ. ಅತ್ತೆ ಗಾಯದ ಗೆರೆಯಿದ್ದ ತಮ್ಮ ಓರೆ ಅಂಗೈಯನ್ನು ತಂದು ನನ್ನ ಕೈಯ ಕೆಳಗೆ ಇಟ್ಟರು.

ರಸ್ತೆಯಲ್ಲಿ ಎಂಟೂಕಾಲರ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ನಾವಿಬ್ಬರೂ ಏಳಲಿಲ್ಲ.